ಮನೆ ಕಟ್ಟಿ ನೋಡು, ಪತ್ರ ಓದಿ ನೋಡು

"ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು" ಅನ್ನೋ ಗಾದೆ ನಮಗೆಲ್ಲ ಗೊತ್ತು. ಆದ್ರೆ ಈಗ ಹೆಚ್ಚಿನ ಮನೆಗಳಲ್ಲಿ ಕಟ್ಟೋದಕ್ಕಿಂತ ಮೊದಲು ಕೊಳ್ಳೋ ಕೆಲಸ ಇರುತ್ತೆ. ಸೈಟು, ಫ್ಲ್ಯಾಟು, ಇಲ್ಲಾ ಬೇರೆಯವರು ಕಟ್ಟಿದ ಮನೆ. ಅಪ್ಪ ಅಮ್ಮ ಇಪ್ಪತ್ತು ಇಪ್ಪತ್ತೈದು ವರ್ಷ ಕೂಡಿಟ್ಟ ದುಡ್ಡು ಒಂದೇ ದಿನದಲ್ಲಿ ಖರ್ಚಾಗೋ ವ್ಯವಹಾರ ಇದು.

ಸೆಕೆಂಡ್ ಇಯರ್‌ನಲ್ಲಿರೋ ನಮಗೆ ಇದೆಲ್ಲ ಈಗಲೇ ಯಾಕೆ ಅಂತ ನೀವು ಕೇಳಬಹುದು. ಮೂರು ಕಾರಣ ಇದೆ. ಒಂದು, ಮನೆಯಲ್ಲಿ ಸೈಟಿನ ಮಾತು ಬಂದಾಗ "ನೀನು ಕಂಪ್ಯೂಟರ್ ಓದ್ತಿದ್ದೀಯಲ್ಲ, ಅದೇನೋ ಕಾವೇರಿ ಅಂತೆ, ಸ್ವಲ್ಪ ನೋಡು" ಅಂತ ಫೋನ್ ಬರೋದು ನಮಗೇ. ಎರಡು, ಕೆಲಸ ಸಿಕ್ಕಿ ನಾಲ್ಕೈದು ವರ್ಷಕ್ಕೆ ಹೋಮ್ ಲೋನ್ ತಗೊಳ್ಳೋರೂ ನಾವೇ. ಮೂರು, 18 ತುಂಬಿದ ಮೇಲೆ ಮನೆಯ ಆಸ್ತಿ ಪತ್ರಗಳಿಗೆ ನಮ್ಮ ಸಹಿಯನ್ನೂ ಕೇಳ್ತಾರೆ. ಈ ಮೂರನೇದು ಬಹಳ ಮುಖ್ಯ, ಅದನ್ನ ಕೊನೆಯಲ್ಲಿ ನೋಡೋಣ.

ನಾವು ವಕೀಲರಲ್ಲ. ಇದನ್ನ ಓದಿ ವಕೀಲರ ಫೀಸು ಉಳಿಸೋಕೆ ಹೋಗಬೇಡಿ. ವಕೀಲರ ಮುಂದೆ ಕೂತಾಗ ಯಾವ ಪ್ರಶ್ನೆ ಕೇಳಬೇಕು ಅಂತ ತಿಳ್ಕೊಳ್ಳೋಕೆ ಓದಿ.

ರಿಜಿಸ್ಟರ್ ಆದ್ರೆ ಸಾಕಾ?

ಬಹಳ ಜನ ಅಂದ್ಕೊಂಡಿರೋದು ಹೀಗೆ: ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ರಿಜಿಸ್ಟರ್ ಆಯ್ತು, ಸೀಲ್ ಬಿತ್ತು, ಇನ್ನು ಮನೆ ನಮ್ಮದು. ಇದು ಅರ್ಧ ಮಾತ್ರ ನಿಜ. 1908ರ ನೋಂದಣಿ ಕಾಯ್ದೆ ಪ್ರಕಾರ 100 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಸ್ಥಿರಾಸ್ತಿ ಮಾರಾಟಕ್ಕೆ ನೋಂದಣಿ ಕಡ್ಡಾಯ. ಆದ್ರೆ ಅಲ್ಲಿ ನೋಂದಣಿ ಆಗೋದು ಪತ್ರ, ಮಾಲೀಕತ್ವ ಅಲ್ಲ. ಮಾರ್ತಿರೋರು ನಿಜವಾಗಿ ಆ ಆಸ್ತಿಯ ಪೂರ್ತಿ ಮಾಲೀಕರಾ ಅಂತ ತೀರ್ಮಾನ ಮಾಡೋದು ಸಬ್ ರಿಜಿಸ್ಟ್ರಾರ್ ಕೆಲಸ ಅಲ್ಲ. ಅದನ್ನ ಪರೀಕ್ಷೆ ಮಾಡಬೇಕಾದವರು ಕೊಳ್ಳೋರು.

ಒಂದು ಕಾಲ್ಪನಿಕ ಉದಾಹರಣೆ ತಗೊಳ್ಳೋಣ. ಒಬ್ಬರು 1985ರಲ್ಲಿ ಸ್ವಂತ ದುಡ್ಡಿನಲ್ಲಿ ಒಂದು ಸೈಟ್ ಕೊಂಡರು. 1998ರಲ್ಲಿ ವಿಲ್ ಬರೆಯದೆ ತೀರಿಕೊಂಡರು. ಮನೆಯಲ್ಲಿ ಹೆಂಡತಿ, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ನಾಲ್ಕು ಜನಕ್ಕೂ ಸಮಪಾಲು, ತಲಾ ಕಾಲು ಭಾಗ. ಆದ್ರೆ 2009ರಲ್ಲಿ ಗಂಡುಮಕ್ಕಳಿಬ್ಬರು ಮಾತ್ರ ಸಹಿ ಹಾಕಿ ಸೈಟನ್ನ ಮಾರಿಬಿಟ್ಟರು. ಪತ್ರ ರಿಜಿಸ್ಟರ್ ಆಯ್ತು. ಖಾತಾನೂ ಬದಲಾಯ್ತು. ಕೊಂಡವರು ಕೊಟ್ಟಿದ್ದು ಪೂರ್ತಿ ದುಡ್ಡು, ಅವರಿಗೆ ಸಿಕ್ಕಿದ್ದು ಅರ್ಧ ಸೈಟಿನ ಹಕ್ಕು. ಉಳಿದ ಅರ್ಧ ಇನ್ನೂ ತಾಯಿ ಮಗಳದ್ದೇ. ತನ್ನ ಹತ್ರ ಇಲ್ಲದ ಹಕ್ಕನ್ನ ಯಾರೂ ಇನ್ನೊಬ್ಬರಿಗೆ ಕೊಡೋಕಾಗಲ್ಲ, ಅಷ್ಟೇ ಲಾಜಿಕ್ಕು.

ಹಾಗಾಗಿ ನೆನಪಿಡಬೇಕಾದ ಒಂದೇ ಸೂತ್ರ: ನಾವು ಕೊಳ್ಳೋದು ಗೋಡೆ, ಟೈಲ್ಸು, ಬಾಲ್ಕನಿ ಅಲ್ಲ, ಹಕ್ಕು. ಒಂದೊಂದು ಪತ್ರವೂ ಆ ಹಕ್ಕಿನ ಬಗ್ಗೆ ಒಂದೊಂದೇ ಪ್ರಶ್ನೆಗೆ ಉತ್ತರ ಕೊಡುತ್ತೆ. ಯಾವ ಪತ್ರ ಯಾವ ಪ್ರಶ್ನೆಗೆ ಅಂತ ಗೊತ್ತಿದ್ರೆ ಅರ್ಧ ಯುದ್ಧ ಗೆದ್ದ ಹಾಗೆ.

ಪತ್ರಗಳ ಸರಪಳಿ

ಡೇಟಾ ಸ್ಟ್ರಕ್ಚರ್ಸ್ ಕ್ಲಾಸಿನ ಲಿಂಕ್ಡ್ ಲಿಸ್ಟ್ ನೆನಪಿದೆಯಲ್ಲ? ಆಸ್ತಿ ಪತ್ರಗಳೂ ಹಾಗೇ. ಈಗಿನ ಮಾಲೀಕರ ಕ್ರಯಪತ್ರ ಮೊದಲ ನೋಡ್. ಅದರಲ್ಲಿ "ಈ ಸ್ವತ್ತು ನಮಗೆ ಇಂಥವರಿಂದ, ಇಂಥ ದಿನ, ಇಂಥ ನಂಬರಿನ ಪತ್ರದ ಮೂಲಕ ಬಂದಿದೆ" ಅಂತ ಬರೆದಿರುತ್ತೆ. ಅದೇ ಪಾಯಿಂಟರ್. ಹಾಗೆ ಹಿಂದಕ್ಕೆ ಹೋಗ್ತಾ ಹೋದ್ರೆ ಕೊನೆಗೆ ಮೂಲ ಪತ್ರ ಸಿಗಬೇಕು. ಅದು ಲೇಔಟ್ ಮಾಡಿದವರ ಹಂಚಿಕೆ ಪತ್ರ ಇರಬಹುದು, ಸರ್ಕಾರದ ಮಂಜೂರಾತಿ ಇರಬಹುದು, ಕುಟುಂಬದ ಪಾಲುಪಟ್ಟಿ ಇರಬಹುದು.

ಮಧ್ಯದಲ್ಲಿ ಒಂದು ನೋಡ್ ಕಾಣೆಯಾಗಿದ್ರೆ ಅಲ್ಲೇ ನಿಲ್ಲಿ. ಯಾರಾದ್ರೂ ತೀರಿಕೊಂಡಿದ್ರೆ ವಂಶವೃಕ್ಷ ಕೇಳಿ, ಅದರಲ್ಲಿರೋ ಎಲ್ಲರೂ ಮುಂದಿನ ಪತ್ರದಲ್ಲಿ ಸಹಿ ಹಾಕಿದ್ದಾರಾ ನೋಡಿ. ಮೈನರ್ ಮಕ್ಕಳಿಗೆ ಪಾಲು ಬಂದಿದ್ರೆ ಕೋರ್ಟಿನ ಅನುಮತಿ ಬೇಕಿತ್ತಾ, ತಗೊಂಡಿದ್ರಾ ಅಂತ ವಕೀಲರನ್ನ ಕೇಳಿ. ಮೂಲ ಸರ್ಕಾರಿ ಮಂಜೂರಾತಿ ಆಗಿದ್ರೆ ಇನ್ನೂ ಜೋಪಾನ: ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಕೊಟ್ಟ ಜಮೀನನ್ನ 1978ರ ಕರ್ನಾಟಕ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಮಾರೋ ಹಾಗಿಲ್ಲ. ಆ ಜಮೀನು ಹಳೇ ಮಾಲೀಕರಿಂದ ತಪ್ಪಿಹೋಗಬಾರದು ಅಂತಲೇ ಆ ಕಾಯ್ದೆ ಬಂದಿದ್ದು.

ಇನ್ನೊಂದು, ಜಿಪಿಎ. "ರಿಜಿಸ್ಟ್ರೇಷನ್ ಖರ್ಚು ಉಳಿಯುತ್ತೆ, ಜಿಪಿಎ ಮಾಡಿಕೊಡ್ತೀವಿ" ಅಂತ ಯಾರಾದ್ರೂ ಹೇಳಿದ್ರೆ ನಮಸ್ಕಾರ ಹೇಳಿ ಎದ್ದು ಬನ್ನಿ. ಬರೀ ಜಿಪಿಎ, ಅಗ್ರಿಮೆಂಟ್, ವಿಲ್ ಇವುಗಳಿಂದ ಮಾಲೀಕತ್ವ ವರ್ಗಾವಣೆ ಆಗಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಸೂರಜ್ ಲ್ಯಾಂಪ್ ಕೇಸಿನಲ್ಲಿ ಹೇಳಿದೆ.

ಇಸಿ ಏನು ಹೇಳುತ್ತೆ, ಏನು ಹೇಳಲ್ಲ

ಇಸಿ ಅಂದ್ರೆ ಋಣಭಾರ ಪ್ರಮಾಣಪತ್ರ. ಒಂದು ಆಸ್ತಿ ಮೇಲೆ ಇಂಥ ದಿನದಿಂದ ಇಂಥ ದಿನದವರೆಗೆ ಏನೇನು ನೋಂದಣಿ ಆಗಿದೆ ಅನ್ನೋ ಲಾಗ್ ಫೈಲ್. ಮಾರಾಟ, ದಾನಪತ್ರ, ಪಾಲು, ನೋಂದಾಯಿತ ಅಡಮಾನ ಎಲ್ಲ ಇದರಲ್ಲಿ ಕಾಣುತ್ತೆ. ವ್ಯವಹಾರ ಆಗಿದ್ರೆ ನಮೂನೆ 15, ಏನೂ ಆಗಿಲ್ಲ ಅಂದ್ರೆ ನಮೂನೆ 16. 2004ರ ಏಪ್ರಿಲ್ 1ರ ನಂತರದ್ದು ಕಾವೇರಿ ಪೋರ್ಟಲ್‌ನಲ್ಲೇ ಸಿಗುತ್ತೆ. ಅದಕ್ಕಿಂತ ಹಳೇದಕ್ಕೆ ಸಬ್ ರಿಜಿಸ್ಟ್ರಾರ್ ಆಫೀಸಿಗೇ ಹೋಗಬೇಕು. ವಕೀಲರು ಸಾಮಾನ್ಯವಾಗಿ 30 ವರ್ಷದ ಇಸಿ ಕೇಳ್ತಾರೆ.

ಇಲ್ಲಿ ನಮ್ಮಂಥವರು ಎಚ್ಚರವಾಗಿರಬೇಕಾದ ಜಾಗ ಒಂದಿದೆ. ಇಸಿ ಅನ್ನೋದು ಒಂದು ಸರ್ಚ್ ರಿಸಲ್ಟ್. ಸೈಟ್ ನಂಬರ್, ಸರ್ವೆ ನಂಬರ್, ಊರಿನ ಹೆಸರು ತಪ್ಪಾಗಿ ಕೊಟ್ರೆ ಖಾಲಿ ರಿಸಲ್ಟ್ ಬರುತ್ತೆ. ಖಾಲಿ ಬಂತು ಅಂದ ಮಾತ್ರಕ್ಕೆ ಆಸ್ತಿ ಕ್ಲೀನ್ ಅಂತ ಅಲ್ಲ. ನಮ್ಮ ಹತ್ರ ಇರೋ ಕ್ರಯಪತ್ರ ಆ ಅವಧಿಯಲ್ಲೇ ನೋಂದಣಿ ಆಗಿದ್ರೆ, ಅದು ಇಸಿಯಲ್ಲಿ ಕಾಣಲೇಬೇಕು. ಕಾಣದಿದ್ರೆ ಹುಡುಕಿದ ರೀತಿಯಲ್ಲೋ ಪತ್ರದಲ್ಲೋ ಏನೋ ಎಡವಟ್ಟಿದೆ.

ಇಸಿಯಲ್ಲಿ ಕಾಣದ ವಿಷಯಗಳೂ ಇವೆ. ನೋಂದಣಿ ಮಾಡಿಸದ ಅಗ್ರಿಮೆಂಟ್, ವಿಲ್, ಬಾಯಿಮಾತಿನ ಪಾಲು, ನಡೀತಿರೋ ಕೋರ್ಟ್ ಕೇಸು ಇವು ಅದರಲ್ಲಿ ಬರಲ್ಲ. ಬ್ಯಾಂಕಿನಲ್ಲಿ ಪತ್ರ ಇಟ್ಟು ತಗೊಂಡ ಸಾಲವೂ ಯಾವಾಗಲೂ ಕಾಣುತ್ತೆ ಅಂತ ಹೇಳೋಕಾಗಲ್ಲ. ಅದಕ್ಕೆ ಸೆರ್ಸಾಯ್ ಅನ್ನೋ ಕೇಂದ್ರ ಸರ್ಕಾರದ ದಾಖಲೆಯಲ್ಲಿ ಫೀಸು ಕಟ್ಟಿ ಹುಡುಕಬಹುದು. ಎಲ್ಲಕ್ಕಿಂತ ಮೇಲಾಗಿ, ಒರಿಜಿನಲ್ ಪತ್ರ ಕಣ್ಣಾರೆ ನೋಡದೆ ಅಡ್ವಾನ್ಸ್ ಕೊಡಬೇಡಿ. "ಜೆರಾಕ್ಸ್ ಇದೆ, ಒರಿಜಿನಲ್ ಊರಲ್ಲಿದೆ" ಅಂದ್ರೆ ಊರಿಗೇ ಹೋಗಿ ನೋಡೋಣ ಅನ್ನಿ.

ಖಾತಾ, ನೆಲ, ಕಟ್ಟಡ

ಖಾತಾ ಅಂದ್ರೆ ಆಸ್ತಿ ತೆರಿಗೆ ಯಾರು ಕಟ್ಟಬೇಕು ಅನ್ನೋ ದಾಖಲೆ. ಅದು ಬೇಕೇ ಬೇಕು, ಆದ್ರೆ ಅದೊಂದೇ ಮಾಲೀಕತ್ವದ ಸಾಕ್ಷಿ ಅಲ್ಲ. ಈಗ ರಿಜಿಸ್ಟ್ರೇಷನ್‌ಗೆ ಇ-ಖಾತಾ ಕೇಳ್ತಾರೆ. ಹಳ್ಳಿ ಕಡೆ ಗ್ರಾಮ ಪಂಚಾಯಿತಿ ಆಸ್ತಿಗೆ ಇ-ಸ್ವತ್ತು ಮೂಲಕ ಸಿಗೋ ನಮೂನೆ 9 ಮತ್ತು 11 ಇರಬೇಕು. ಬೆಂಗಳೂರಲ್ಲಿ ಎ ಖಾತಾ, ಬಿ ಖಾತಾ ಅಂತ ಕೇಳಿರ್ತೀರ. ಸರಳವಾಗಿ ಹೇಳೋದಾದ್ರೆ ಲೇಔಟಿಗೋ ಕಟ್ಟಡಕ್ಕೋ ಬೇಕಾದ ಅನುಮೋದನೆ ಇಲ್ಲದ ಆಸ್ತಿಗಳನ್ನ ಬಿ ವಹಿಯಲ್ಲಿ ಬರೆದು ತೆರಿಗೆ ತಗೊಳ್ತಾರೆ. ತೆರಿಗೆ ಕಟ್ಟಿಸ್ಕೊಂಡ್ರು ಅಂತ ಅದು ಸಕ್ರಮ ಆಗಲ್ಲ.

ನೆಲ ಮೊದಲು ಹೊಲ ಆಗಿದ್ರೆ ಭೂ ಪರಿವರ್ತನೆ ಆದೇಶ ನೋಡಿ. ಬರೀ ಹೊಲಕ್ಕೆ ಕಲ್ಲು ನೆಟ್ಟು ಸೈಟ್ ಮಾಡಿ ಮಾರೋದನ್ನೇ ಜನ ರೆವಿನ್ಯೂ ಸೈಟ್ ಅನ್ನೋದು. ಬೆಲೆ ಕಡಿಮೆ ಇರೋದಕ್ಕೆ ಕಾರಣ ಅದೇ. ಜಾಗದ ಮೇಲೆ ನಿಂತು ಸರ್ಕಾರದ ದಿಶಾಂಕ್ ಆಪ್ ತೆಗೆದ್ರೆ ನಾವು ಯಾವ ಸರ್ವೆ ನಂಬರ್‌ನಲ್ಲಿ ನಿಂತಿದ್ದೀವಿ ಅಂತ ಗೊತ್ತಾಗುತ್ತೆ. ಪತ್ರದಲ್ಲಿರೋ ನಂಬರ್, ಕಾಲ ಕೆಳಗಿರೋ ನಂಬರ್ ಎರಡೂ ಒಂದೇನಾ ನೋಡಿ. ಐದು ನಿಮಿಷದ ಕೆಲಸ.

ಫ್ಲ್ಯಾಟ್ ಆದ್ರೆ 2016ರ ರೇರಾ ಕಾಯ್ದೆ ನಮ್ಮ ಕಡೆ ಇದೆ. 500 ಚದರ ಮೀಟರ್‌ಗಿಂತ ದೊಡ್ಡ ಜಾಗ ಅಥವಾ 8ಕ್ಕಿಂತ ಹೆಚ್ಚು ಫ್ಲ್ಯಾಟ್ ಇರೋ ಹೊಸ ಪ್ರಾಜೆಕ್ಟ್ ರೇರಾದಲ್ಲಿ ನೋಂದಣಿ ಆಗದೆ ಮಾರಾಟಕ್ಕೆ ಬರೋ ಹಾಗಿಲ್ಲ. ಅಗ್ರಿಮೆಂಟ್ ಮಾಡಿ ನೋಂದಾಯಿಸದೆ ಬಿಲ್ಡರ್ ಬೆಲೆಯ 10%ಗಿಂತ ಹೆಚ್ಚು ತಗೊಳ್ಳೋ ಹಾಗಿಲ್ಲ. ನಾವು ಕೊಟ್ಟ ದುಡ್ಡಲ್ಲಿ 70% ಆ ಪ್ರಾಜೆಕ್ಟಿನ ಪ್ರತ್ಯೇಕ ಖಾತೆಯಲ್ಲೇ ಇರಬೇಕು. ಕೀ ಕೊಟ್ಟ 5 ವರ್ಷದೊಳಗೆ ಕಟ್ಟಡದ ರಚನೆಯಲ್ಲಿ ದೋಷ ಕಂಡ್ರೆ ಬಿಲ್ಡರ್ ತನ್ನ ಖರ್ಚಲ್ಲಿ ಸರಿಮಾಡಬೇಕು. ಬೆಲೆ ಹೋಲಿಸುವಾಗ ಸೂಪರ್ ಬಿಲ್ಟ್ ಅಪ್ ನೋಡಬೇಡಿ, ಕಾರ್ಪೆಟ್ ಏರಿಯಾ ಕೇಳಿ. ಲಿಫ್ಟಿನ ಜಾಗದಲ್ಲಿ ನಾವು ಮಂಚ ಹಾಕೋಕಾಗಲ್ಲ. ರೆಡಿ ಫ್ಲ್ಯಾಟ್ ಆದ್ರೆ ಸ್ವಾಧೀನ ಪತ್ರ, ಅಂದ್ರೆ ಎಲ್ಲರೂ ಓಸಿ ಅನ್ನೋದು, ಇದೆಯಾ ಅಂತ ಮೊದಲು ಕೇಳಿ.

60 ಲಕ್ಷದ ಮನೆಗೆ ಕೈಯಲ್ಲಿ ಎಷ್ಟಿರಬೇಕು?

ಈಗ ಸ್ವಲ್ಪ ಲೆಕ್ಕ. ನಗರದಲ್ಲಿ 60 ಲಕ್ಷದ ಮನೆ ಅಂತ ಇಟ್ಕೊಳ್ಳೋಣ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ 30 ಲಕ್ಷದಿಂದ 75 ಲಕ್ಷದವರೆಗಿನ ಗೃಹಸಾಲದಲ್ಲಿ ಬ್ಯಾಂಕು ಮನೆ ಬೆಲೆಯ 80%ವರೆಗೆ ಮಾತ್ರ ಕೊಡಬಹುದು. ಅಂದ್ರೆ 48 ಲಕ್ಷ. ಉಳಿದ 12 ಲಕ್ಷ ನಮ್ಮದು.

ಅಷ್ಟಕ್ಕೇ ಮುಗಿಯಲಿಲ್ಲ. ಮುದ್ರಾಂಕ ಶುಲ್ಕ 5%, ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜ್ ಸೇರಿ ನಗರದಲ್ಲಿ 5.6%. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 1% ಇದ್ದದ್ದು 2% ಆಗಿದೆ. ಒಟ್ಟು 7.6%, ಅಂದ್ರೆ 4,56,000 ರೂಪಾಯಿ. ಇದಕ್ಕೆ ಸಾಲ ಸಿಗುತ್ತೆ ಅಂತ ನಂಬಿಕೊಂಡಿರಬೇಡಿ. ಹಾಗಾಗಿ ಕೈಯಲ್ಲಿ 12 ಲಕ್ಷ ಅಲ್ಲ, 16.5 ಲಕ್ಷಕ್ಕಿಂತ ಹೆಚ್ಚು ಇರಬೇಕು. ವಕೀಲರ ಫೀಸು, ಬ್ರೋಕರ್ ಕಮಿಷನ್ ಬೇರೆ. ಶುಲ್ಕದ ಲೆಕ್ಕ ಮಾರಾಟದ ಬೆಲೆ ಮತ್ತು ಸರ್ಕಾರದ ಮಾರ್ಗಸೂಚಿ ಬೆಲೆ ಇವೆರಡರಲ್ಲಿ ಯಾವುದು ಜಾಸ್ತಿಯೋ ಅದರ ಮೇಲೆ. ಇನ್ನೂ ಕಟ್ತಿರೋ ಫ್ಲ್ಯಾಟ್ ಆದ್ರೆ ಜಿಎಸ್‌ಟಿನೂ ಸೇರುತ್ತೆ.

ಇಎಂಐ ನೋಡೋಣ. 48 ಲಕ್ಷ, 8.5% ಬಡ್ಡಿ, 20 ವರ್ಷ ಅಂದ್ರೆ ತಿಂಗಳಿಗೆ ಸುಮಾರು 41,655 ರೂಪಾಯಿ. ಮೊದಲ ತಿಂಗಳ ಕಂತಿನಲ್ಲಿ 34,000 ಬರೀ ಬಡ್ಡಿ, ಅಸಲಿಗೆ ಹೋಗೋದು 7,655 ಮಾತ್ರ. 20 ವರ್ಷಕ್ಕೆ ಒಟ್ಟು ಕಟ್ಟೋದು ಹತ್ತಿರ ಹತ್ತಿರ 1 ಕೋಟಿ. ಇದೇ ಸಾಲವನ್ನ 15 ವರ್ಷಕ್ಕೆ ತಗೊಂಡ್ರೆ ಕಂತು ಸುಮಾರು 47,268. ತಿಂಗಳಿಗೆ 5,600 ಹೆಚ್ಚು ಕಟ್ಟಿದ್ದಕ್ಕೆ ಒಟ್ಟಿನಲ್ಲಿ ಉಳಿಯೋದು ಸುಮಾರು 15 ಲಕ್ಷ. ಫ್ಲೋಟಿಂಗ್ ದರದ ಗೃಹಸಾಲವನ್ನ ಬೇಗ ತೀರಿಸಿದ್ರೆ ಬ್ಯಾಂಕು ದಂಡ ಹಾಕೋ ಹಾಗಿಲ್ಲ. ಕೈಗೆ ದುಡ್ಡು ಬಂದಾಗ ಮೊದಮೊದಲ ವರ್ಷಗಳಲ್ಲೇ ಅಸಲಿಗೆ ಕಟ್ಟೋದು ಲಾಭ.

ಒಂದು ಮಾತು: ಬ್ಯಾಂಕು ಸಾಲ ಕೊಟ್ಟಿದೆ ಅಂದ್ರೆ ಪತ್ರ ಸರಿ ಇದೆ ಅಂತಲೇ ಅರ್ಥ ಅಲ್ಲ. ಬ್ಯಾಂಕಿನ ವಕೀಲರು ನೋಡೋದು ಬ್ಯಾಂಕಿನ ಹಿತ. ನಮ್ಮ ಕಡೆಯಿಂದ ಒಬ್ಬರು ಬೇಕು.

ಅಗ್ರಿಮೆಂಟ್‌ನಿಂದ ರಿಜಿಸ್ಟ್ರೇಷನ್‌ವರೆಗೆ

ಪತ್ರ ಎಲ್ಲ ಸರಿ ಇದ್ರೆ ಮುಂದಿನ ಹೆಜ್ಜೆ ಕರಾರು. ಇದರಿಂದ ಮನೆ ನಮ್ಮದಾಗಲ್ಲ, ಮಾರ್ತೀನಿ ಕೊಳ್ತೀನಿ ಅನ್ನೋ ಒಪ್ಪಂದ ಮಾತ್ರ. ಒಟ್ಟು ಬೆಲೆ, ಅಡ್ವಾನ್ಸ್, ಎಷ್ಟು ದಿನದಲ್ಲಿ ರಿಜಿಸ್ಟ್ರೇಷನ್, ಮಾರೋರು ಹಿಂದೆ ಸರಿದ್ರೆ ಏನು, ನಾವು ಸರಿದ್ರೆ ಏನು, ಸಾಲ ಮಂಜೂರಾಗದಿದ್ರೆ ಅಡ್ವಾನ್ಸ್ ವಾಪಸ್ ಬರುತ್ತಾ, ಇದೆಲ್ಲ ಅದರಲ್ಲಿ ಬರೆದಿರಲಿ. ಬಾಯಿಮಾತು ಬೇಡ.

"ಸ್ವಲ್ಪ ವೈಟು, ಸ್ವಲ್ಪ ಬ್ಲ್ಯಾಕು" ಅಂತ ಕೇಳೋರು ಇರ್ತಾರೆ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ಅಥವಾ ಹೆಚ್ಚು ನಗದು ತಗೊಳ್ಳೋದನ್ನ ಆದಾಯ ತೆರಿಗೆ ಕಾನೂನು ನಿಷೇಧಿಸುತ್ತೆ. ತಗೊಂಡಷ್ಟೇ ಮೊತ್ತದ ದಂಡ ಬೀಳಬಹುದು. ಕೊಳ್ಳೋರಿಗೂ ನಷ್ಟ: ಪತ್ರದಲ್ಲಿ ಬೆಲೆ ಕಡಿಮೆ ತೋರಿಸಿದ್ರೆ ನಾಳೆ ನಾವು ಮಾರುವಾಗ ಲಾಭ ಜಾಸ್ತಿ ಅಂತ ಕಾಣುತ್ತೆ, ತೆರಿಗೆ ನಮ್ಮ ತಲೆ ಮೇಲೆ. ವ್ಯವಹಾರ ಮುರಿದ್ರೆ ಕೊಟ್ಟ ನಗದಿಗೆ ಸಾಕ್ಷಿನೂ ಇಲ್ಲ. ಇನ್ನು ಬೆಲೆ 50 ಲಕ್ಷ ಅಥವಾ ಹೆಚ್ಚಿದ್ರೆ ಕೊಳ್ಳೋರೇ 1% ಟಿಡಿಎಸ್ ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ನಮ್ಮ ಉದಾಹರಣೆಯಲ್ಲಿ 60,000. ಮಾರೋರು ವಿದೇಶದಲ್ಲಿದ್ರೆ ನಿಯಮ ಬೇರೆ, ದರವೂ ಹೆಚ್ಚು, ಆಡಿಟರ್‌ನ ಕೇಳಿ.

ರಿಜಿಸ್ಟ್ರೇಷನ್ ಆದ ಮೇಲೆ ಖಾತಾ, ಕರೆಂಟ್ ಮೀಟರ್ ನಮ್ಮ ಹೆಸರಿಗೆ ಮಾಡಿಸಿ. ಕೆಲ ದಿನ ಬಿಟ್ಟು ಹೊಸ ಇಸಿ ತೆಗೆದು ನಮ್ಮ ಹೆಸರು ಬಂದಿದೆಯಾ ನೋಡಿ.

ಮಾರೋದು ನಾವಾದ್ರೆ

ಮಾರೋರೂ ಇದೇ ಪ್ರಶ್ನೆಗಳನ್ನ ತಮಗೆ ತಾವೇ ಮೊದಲು ಕೇಳ್ಕೋಬೇಕು. ಖಾತಾ ಇನ್ನೂ ತಾತನ ಹೆಸರಲ್ಲಿದೆಯಾ? ಹಾಗಿದ್ರೆ ಮೊದಲು ಅದನ್ನ ಸರಿಮಾಡಿ. ಗಿರಾಕಿ ಬಂದ ಮೇಲೆ ಓಡಾಡಿದ್ರೆ ಅವಸರಕ್ಕೆ ಬೆಲೆ ಇಳಿಸಬೇಕಾಗುತ್ತೆ. ಹಳೇ ಸಾಲ ತೀರಿದ್ರೆ ಬ್ಯಾಂಕಿನಿಂದ ಒರಿಜಿನಲ್ ಪತ್ರ ವಾಪಸ್ ತಗೊಳ್ಳಿ. ಸಾಲ ಪೂರ್ತಿ ತೀರಿದ 30 ದಿನದೊಳಗೆ ಪತ್ರ ಕೊಡಬೇಕು, ತಮ್ಮ ಕಡೆಯಿಂದ ತಡವಾದ್ರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ ಆದೇಶ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ.

ತೆರಿಗೆ ಲೆಕ್ಕವನ್ನೂ ಮೊದಲೇ ಹಾಕಿ. 24 ತಿಂಗಳಿಗಿಂತ ಹೆಚ್ಚು ಇಟ್ಕೊಂಡು ಮಾರಿದ್ರೆ ಲಾಭದ ಮೇಲೆ 12.5% ತೆರಿಗೆ. 2024ರ ಜುಲೈ 23ಕ್ಕಿಂತ ಮೊದಲು ಕೊಂಡಿದ್ದ ಆಸ್ತಿಯಾದ್ರೆ, ಹಣದುಬ್ಬರ ಕಳೆದು 20% ಅನ್ನೋ ಹಳೇ ಲೆಕ್ಕದಲ್ಲಿ ತೆರಿಗೆ ಕಡಿಮೆ ಬಂದ್ರೆ ಅಷ್ಟೇ ಕಟ್ಟಬಹುದು. ಮನೆ ಮಾರಿದ ಲಾಭದಲ್ಲಿ 2 ವರ್ಷದೊಳಗೆ ಇನ್ನೊಂದು ಮನೆ ಕೊಂಡ್ರೆ ಅಥವಾ 3 ವರ್ಷದೊಳಗೆ ಕಟ್ಟಿಸಿದ್ರೆ ವಿನಾಯಿತಿ ಇದೆ.

ನಮ್ಮ ಸಹಿ

ಈಗ ಆ ಮೂರನೇ ಕಾರಣಕ್ಕೆ ಬರೋಣ. "ಒಂದು ದಿನ ರಜೆ ಹಾಕಿ ಬಾ, ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಒಂದು ಸಹಿ ಇದೆ" ಅಂತ ಫೋನ್ ಬಂದು ಊರಿಗೆ ಹೋಗಿ ಬಂದವರು ಎಲ್ಲ ಬ್ಯಾಚಲ್ಲೂ ಇರ್ತಾರೆ. ನಮ್ಮ ಸಹಿ ಯಾಕೆ ಬೇಕು? ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕಿದೆ. 2005ರ ತಿದ್ದುಪಡಿ ಆದ ಮೇಲೆ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು. ಆ ತಿದ್ದುಪಡಿ ಬರೋ ಹೊತ್ತಿಗೆ ತಂದೆ ಬದುಕಿರಲೇಬೇಕು ಅಂತ ಇಲ್ಲ ಅಂತಲೂ ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟ ಮಾಡಿದೆ. ಅಪ್ಪ ಅಮ್ಮ ಸ್ವಂತ ದುಡಿಮೆಯಲ್ಲಿ ಕೊಂಡ ಆಸ್ತಿಗೆ ಇದು ಅನ್ವಯಿಸಲ್ಲ, ಅದು ಅವರ ಇಷ್ಟ. ಬೇರೆ ಧರ್ಮದವರಿಗೆ ಬೇರೆ ಕಾನೂನು ಇದೆ.

ಸಹಿ ಹಾಕೋ ಮೊದಲು ಒಂದೇ ಪ್ರಶ್ನೆ ಕೇಳಿ: ಇದು ಯಾವ ಪತ್ರ? ಕ್ರಯಪತ್ರ ಆದ್ರೆ ನಾವೂ ಮಾರೋರಲ್ಲಿ ಒಬ್ಬರು. ಹಕ್ಕು ಬಿಡುಗಡೆ ಪತ್ರ ಆದ್ರೆ ನಮ್ಮ ಪಾಲು ಇನ್ನೊಬ್ಬರಿಗೆ ಹೋಗುತ್ತೆ. ಜಿಪಿಎ ಆದ್ರೆ ನಮ್ಮ ಪರವಾಗಿ ವ್ಯವಹಾರ ಮಾಡೋ ಅಧಿಕಾರ ಕೊಡ್ತಿದ್ದೀವಿ. ಸಾಕ್ಷಿ ಆದ್ರೆ ಬರೀ ಸಾಕ್ಷಿ. ನಾಲ್ಕೂ ಸಹಿ ನೋಡೋಕೆ ಒಂದೇ ಥರ, ಪರಿಣಾಮ ಪೂರ್ತಿ ಬೇರೆ. ಅರಿಶಿನ ಕುಂಕುಮಕ್ಕೆ ಅಂತ ಏನೋ ಒಂದಿಷ್ಟು ಕೊಟ್ಟು ಹೆಣ್ಣುಮಕ್ಕಳಿಂದ ಬಿಡುಗಡೆ ಪತ್ರ ಬರೆಸ್ಕೊಳ್ಳೋದು ನಮ್ಮಲ್ಲಿ ಇವತ್ತಿಗೂ ಇದೆ. ಅಣ್ಣನಿಗೆ ಪ್ರೀತಿಯಿಂದ ಬಿಟ್ಟುಕೊಡೋದು ಅವರವರ ಇಷ್ಟ, ಅದರಲ್ಲಿ ತಪ್ಪಿಲ್ಲ. ಗೊತ್ತಿಲ್ಲದೆ ಬಿಟ್ಟುಕೊಡೋದು ಮಾತ್ರ ಬೇಡ. "ಓದಿ ಹಾಕ್ತೀನಿ ಅಪ್ಪ" ಅಂದ್ರೆ ಅದು ಅಗೌರವ ಅಲ್ಲ.

ಓದಬೇಕು ಅಂದ್ರೆ ಆ ಕನ್ನಡ ಅರ್ಥ ಆಗಬೇಕು. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮ್ಮಂಥವರಿಗೆ ಹಳೇ ಪತ್ರದ ಭಾಷೆ ಕಷ್ಟ. ಕೆಲವು ಪದ ಇಲ್ಲಿವೆ. ಚೆಕ್ಕುಬಂದಿ ಅಂದ್ರೆ ನಾಲ್ಕು ದಿಕ್ಕಿನ ಗಡಿ. ಮೊಬಲಗು ಅಂದ್ರೆ ಹಣದ ಮೊತ್ತ. ಭೋಗ್ಯ ಅಂದ್ರೆ ಸಾಲ ತೀರೋವರೆಗೆ ಆಸ್ತಿಯನ್ನ ಅನುಭವಿಸೋಕೆ ಬಿಟ್ಟುಕೊಡೋದು. ಗುಂಟೆ ಅಂದ್ರೆ 1,089 ಚದರ ಅಡಿ, 40 ಗುಂಟೆಗೆ ಒಂದು ಎಕರೆ. ಖರಾಬು ಅಂದ್ರೆ ಸಾಗುವಳಿಗೆ ಬಾರದ ಜಾಗ, ಅದರಲ್ಲಿ ಬಿ ಖರಾಬು ದಾರಿ, ಹಳ್ಳ, ಕೆರೆಯಂಥ ಸಾರ್ವಜನಿಕ ಬಳಕೆಯದ್ದು.

ಮುಂದಿನ ರಜೆಗೆ ಊರಿಗೆ ಹೋದಾಗ ಬೀರುವಿನಲ್ಲಿರೋ ಪತ್ರದ ಫೈಲ್ ಕೇಳಿ. ಒಂದು ಹಾಳೆ ತಗೊಂಡು ನಿಮ್ಮ ಮನೆಯ ಸರಪಳಿ ಬರೀರಿ: ಯಾರಿಂದ ಯಾರಿಗೆ, ಯಾವ ವರ್ಷ, ಯಾವ ಪತ್ರ, ಯಾರ್‍ಯಾರು ಸಹಿ ಹಾಕಿದ್ರು. ಎಲ್ಲಾದ್ರೂ ಕೊಂಡಿ ತಪ್ಪಿದ್ರೆ, ಅದನ್ನ ಸರಿಮಾಡೋಕೆ ಅಪ್ಪ ಅಮ್ಮ, ಅತ್ತೆ, ದೊಡ್ಡಪ್ಪ ಎಲ್ಲರೂ ಜೊತೆಗಿರುವಾಗಲೇ ಸುಲಭ.